ಚಿಕಾಗೋದಲ್ಲಿ ಎರಡು ಗಂಟೆ ಹತ್ತು ನಿಮಿಷ ಸಾಕಾ?

ಪ್ರಶ್ನೆ: ನಾನು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿಯಲ್ಲಿದ್ದೇನೆ. ಅಪ್ಪನಿಗೆ 69, ಅಮ್ಮನಿಗೆ 64. ಮೈಸೂರಿನಲ್ಲಿದ್ದಾರೆ. ಇಬ್ಬರಿಗೂ ಹತ್ತು ವರ್ಷದ ವಿಸಿಟರ್ ವೀಸಾ ಸಿಕ್ಕಿದೆ. ವಿದೇಶ ಪ್ರಯಾಣ ಮಾತ್ರ ಇದೇ ಮೊದಲು. ನನ್ನ ಎಂಟು ತಿಂಗಳ ಮಗುವನ್ನು ನೋಡೋಕೆ ಬರುತ್ತಿದ್ದಾರೆ. ಬೆಂಗಳೂರು–ದೋಹಾ–ಚಿಕಾಗೋ–ರಾಲಿ ಟಿಕೆಟ್ ನೋಡಿಟ್ಟಿದ್ದೇನೆ. ಚಿಕಾಗೋದಲ್ಲಿ 2 ಗಂಟೆ 10 ನಿಮಿಷ ಸಿಗುತ್ತದೆ. ದುಬೈವರೆಗೆ ಒಂದು ಟಿಕೆಟ್, ಅಲ್ಲಿಂದ ನ್ಯೂಯಾರ್ಕ್ ಮೇಲೆ ರಾಲಿಗೆ ಇನ್ನೊಂದು ಟಿಕೆಟ್ ತೆಗೆದರೆ ಒಳ್ಳೇ ದುಡ್ಡು ಉಳಿಯುತ್ತದೆ. "ಬ್ಯಾಗ್ ನೇರ ರಾಲಿಗೇ ಬರುತ್ತೆ" ಅಂತ ಚಿಕ್ಕಪ್ಪ. "ಇಲ್ಲ, ನಡುವೆ ಇಳಿಸಿಕೊಳ್ಳಬೇಕು" ಅಂತ ಸ್ನೇಹಿತೆ. ದೋಹಾಗೆ ವೀಸಾ ಬೇಕಾ? ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅಪ್ಪನದು ಅಷ್ಟಕ್ಕಷ್ಟೆ. ಇಮಿಗ್ರೇಷನ್‌ನಲ್ಲಿ ವಾಪಸ್ ಕಳಿಸಿಬಿಟ್ಟರೆ ಏನು ಗತಿ ಅಂತ ನನಗೆ ನಿದ್ದೆ ಇಲ್ಲ. ಅಮ್ಮ ಆಗಲೇ ಕೊಬ್ಬರಿ, ಚಟ್ನಿಪುಡಿ ಕಟ್ಟೋಕೆ ಶುರು ಮಾಡಿದ್ದಾರೆ. ಒಡವೆ ಬೇರೆ ತರ್ತೀನಿ ಅಂತಿದ್ದಾರೆ.

ಉತ್ತರ: ನಿಮ್ಮ ಚಿಕ್ಕಪ್ಪನೂ ಸರಿ, ಸ್ನೇಹಿತೆಯೂ ಸರಿ. ಇಬ್ಬರೂ ಅರ್ಧರ್ಧ ಹೇಳಿದ್ದಾರೆ, ಅಷ್ಟೆ. ದೋಹಾದಲ್ಲಿ ಬ್ಯಾಗ್ ಮುಟ್ಟುವ ಹಾಗೇ ಇಲ್ಲ. ಚಿಕಾಗೋದಲ್ಲಿ ಮುಟ್ಟದೆ ಬೇರೆ ದಾರಿ ಇಲ್ಲ.

ನಾನು ಹದಿನಾಲ್ಕು ವರ್ಷ ಚೆಕ್-ಇನ್ ಕೌಂಟರ್‌ನ ಆ ಕಡೆ ನಿಂತವನು. ಈಗ ಟಿಕೆಟ್ ಮಾಡಿಕೊಡುವ ಕೆಲಸ. ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಕಾಲ ಬಂತು ಅಂದರೆ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ: "ಲೇಓವರ್, ಅಂದರೆ ನಡುವಿನ ಊರಲ್ಲಿ ಸಿಗುವ ಸಮಯ, ಎಷ್ಟು ಗಂಟೆ ಇದ್ದರೆ ಸಾಕು ಸರ್?" ನಾನು ತಿರುಗಿ ಕೇಳೋದೂ ಒಂದೇ: ಅಮೆರಿಕದ ನೆಲ ಮೊದಲು ತುಳಿಯೋದು ಯಾವ ಊರಲ್ಲಿ? ಅದು ಗೊತ್ತಾದರೆ ಗಂಟೆ ಲೆಕ್ಕ ತಾನಾಗೇ ಬರುತ್ತದೆ.

ದೋಹಾದಲ್ಲಿ ನಿಮ್ಮ ಅಪ್ಪ ಅಮ್ಮ ಕತಾರ್ ದೇಶದೊಳಗೆ ಹೋಗುವುದೇ ಇಲ್ಲ. ವಿಮಾನ ಇಳಿದು, 'ಟ್ರಾನ್ಸ್‌ಫರ್ಸ್' ಅನ್ನುವ ಬೋರ್ಡ್ ಹಿಡಿದು ನಡೆದು, ಇನ್ನೊಂದು ಸಲ ಸೆಕ್ಯುರಿಟಿ ಚೆಕ್ ಮುಗಿಸಿ, ಮುಂದಿನ ಗೇಟಿಗೆ ಹೋಗುತ್ತಾರೆ. ಪಾಸ್‌ಪೋರ್ಟಿಗೆ ಮುದ್ರೆ ಇಲ್ಲ, ವೀಸಾ ಬೇಡ. ಬೆಂಗಳೂರಲ್ಲಿ ಸೆಕ್ಯುರಿಟಿ ಆದಮೇಲೆ ದುಡ್ಡು ಕೊಟ್ಟು ಕೊಂಡ ನೀರಿನ ಬಾಟಲಿಯನ್ನೂ ಅಲ್ಲಿ ಎಸೆಯಬೇಕಾಗುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳೋದು ಬೇಡ. ಅಲ್ಲಿ ನಡುವೆ ದೊಡ್ಡದೊಂದು ಹಳದಿ ಕರಡಿ ಗೊಂಬೆ ಇದೆ, ತಲೆ ಮೇಲೆ ದೀಪ ಸಿಕ್ಕಿಸಿಕೊಂಡು ಕೂತಿದೆ. "ಒಬ್ಬರಿಗೊಬ್ಬರು ತಪ್ಪಿಹೋದರೆ ಕರಡಿ ಹತ್ತಿರ ಬಂದು ನಿಲ್ಲಿ" ಅಂತ ಇಬ್ಬರಿಗೂ ಹೇಳಿಟ್ಟರೆ ಸಾಕು. ದೋಹಾ ಬಗ್ಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಅಮೆರಿಕದ ಕಥೆ ಬೇರೆ. ದೋಹಾ, ಸಿಂಗಪುರದ ಥರ ದೇಶದ ಒಳಗೆ ಹೋಗದೆ ಪಕ್ಕದಿಂದಲೇ ದಾಟಿಬಿಡುವ ವ್ಯವಸ್ಥೆ ಅಲ್ಲಿನ ಏರ್‌ಪೋರ್ಟ್‌ಗಳಲ್ಲಿ ಇಲ್ಲ. ಹೊರದೇಶದಿಂದ ಬಂದ ವಿಮಾನದಲ್ಲಿರುವ ಎಲ್ಲರೂ ಇಳಿದ ಮೊದಲ ಊರಲ್ಲೇ ಪಾಸ್‌ಪೋರ್ಟ್ ತೋರಿಸಬೇಕು. ಎರಡು ಗಂಟೆ ಬಿಟ್ಟು ಮೆಕ್ಸಿಕೋಗೆ ಹೋಗುವವರೂ ಅಷ್ಟೆ, ಅವರಿಗೂ ಅಮೆರಿಕದ ವೀಸಾ ಬೇಕು. ಮನುಷ್ಯರ ಜೊತೆ ಸಾಮಾನಿನ ತಪಾಸಣೆಯೂ ಅಲ್ಲೇ. ಬೆಂಗಳೂರಲ್ಲಿ ಸುಂಕದಕಟ್ಟೆ ಅಂತ ಬಡಾವಣೆ ಇದೆಯಲ್ಲ, ಹಿಂದೆ ಊರೊಳಗೆ ಬರುವ ಗಾಡಿ ನಿಲ್ಲಿಸಿ ಸುಂಕ ಕಟ್ಟಿಸಿಕೊಳ್ಳುತ್ತಿದ್ದ ಜಾಗಗಳಿಗೆ ಇಂಥ ಹೆಸರು. ಚಿಕಾಗೋ ನಿಮ್ಮವರ ಪಾಲಿನ ಸುಂಕದಕಟ್ಟೆ. ಬ್ಯಾಗಿನ ಟ್ಯಾಗ್ ಮೇಲೆ ರಾಲಿಯ ಕೋಡ್, ಅಂದರೆ ಆರ್‌ಡಿಯು, ಅಂತಲೇ ಇರುತ್ತದೆ. ಟ್ಯಾಗ್ ಸುಳ್ಳು ಹೇಳುತ್ತಿಲ್ಲ. ಅದು ಕೊನೇ ಊರನ್ನು ಹೇಳುತ್ತದೆ, ನಡುವಿನ ಕಟ್ಟೆಯನ್ನು ಹೇಳುವುದಿಲ್ಲ. ಚಿಕ್ಕಪ್ಪ ಓದಿರೋದು ಟ್ಯಾಗನ್ನು.

ಈಗ ಆ 2 ಗಂಟೆ 10 ನಿಮಿಷವನ್ನು ಬಿಚ್ಚಿ ನೋಡೋಣ. ಒಟ್ಟು 130 ನಿಮಿಷ. ಮುಂದಿನ ವಿಮಾನದ ಗೇಟ್ ಹೊರಡುವುದಕ್ಕೆ 15 ನಿಮಿಷ ಮೊದಲೇ ಮುಚ್ಚುತ್ತದೆ, ಅಲ್ಲಿಗೆ 115. ದೊಡ್ಡ ವಿಮಾನ, ಹಿಂದಿನ ಸಾಲಿನ ಸೀಟು, ಮೇಲಿನಿಂದ ಚೀಲ ಇಳಿಸಿಕೊಂಡು ಹೊರಗೆ ಬರುವ ಹೊತ್ತಿಗೆ 20 ನಿಮಿಷ ಹೋಯಿತು. ಇಮಿಗ್ರೇಷನ್ ಸಾಲು ಒಳ್ಳೇ ದಿನ ಅರ್ಧ ಗಂಟೆ. ನಾಲ್ಕು ವಿಮಾನ ಒಟ್ಟಿಗೇ ಇಳಿದ ದಿನ ಒಂದೂವರೆ ಗಂಟೆ. ಒಂದು ಗಂಟೆ ಅಂತ ಹಿಡಿಯಿರಿ, ಉಳಿದದ್ದು 35 ನಿಮಿಷ. ಬೆಲ್ಟ್ ಹತ್ತಿರ ನಿಂತು ನಾಲ್ಕು ಸೂಟ್‌ಕೇಸ್ ಎಳೆದುಕೊಂಡು, ಕಸ್ಟಮ್ಸ್ ದಾಟಿ, ಹೊರಗೇ ಇರುವ ರೀಚೆಕ್ ಬೆಲ್ಟ್ ಮೇಲೆ ವಾಪಸ್ ಹಾಕುವುದಕ್ಕೆ 20 ನಿಮಿಷ. ಉಳಿದ 15 ನಿಮಿಷದಲ್ಲಿ ಟರ್ಮಿನಲ್ ಬದಲಾಯಿಸಬೇಕು. ಚಿಕಾಗೋದ ಓಹೇರ್‌ನಲ್ಲಿ ದೋಹಾ ವಿಮಾನ ಇಳಿಯುವುದು ಟರ್ಮಿನಲ್ 5ರಲ್ಲಿ. ಅಮೆರಿಕನ್ ಏರ್‌ಲೈನ್ಸ್‌ನ ಒಳನಾಡು ವಿಮಾನ ಹೊರಡುವುದು ಟರ್ಮಿನಲ್ 3ರಿಂದ. ನಡುವೆ ಪುಟ್ಟ ರೈಲು. ರೈಲು ಇಳಿದಮೇಲೆ ಮತ್ತೆ ಸೆಕ್ಯುರಿಟಿ ಸಾಲು, ಮತ್ತೆ ಚೀಲ, ಬೆಲ್ಟ್ ರಗಳೆ.

ಇಷ್ಟನ್ನೂ ಹದಿನೈದು ನಿಮಿಷದಲ್ಲಿ ಮುಗಿಸೋದು ನನ್ನ ಕೈಲೂ ಆಗೋದಿಲ್ಲ.

"ಹಾಗಿದ್ರೆ ಏರ್‌ಲೈನ್‌ನವರು ಈ ಟಿಕೆಟ್ ಯಾಕೆ ಮಾರ್ತಾರೆ?" ಅಂತ ನಿಮಗೆ ಅನ್ನಿಸಬಹುದು. ಪ್ರತಿ ಏರ್‌ಪೋರ್ಟಿಗೂ ಇಂತಿಷ್ಟು ನಿಮಿಷ ಸಿಕ್ಕರೆ ಸಾಕು ಅಂತ ಒಂದು ಕನಿಷ್ಠ ಲೆಕ್ಕ ಇದೆ. ನಮ್ಮ ಕಸುಬಿನಲ್ಲಿ ಎಂಸಿಟಿ ಅನ್ನುತ್ತಾರೆ. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಇದ್ದರೂ ಕಂಪ್ಯೂಟರ್ ಟಿಕೆಟ್ ಕಟ್ಟಿಕೊಡುತ್ತದೆ. ಮಂಡಿನೋವು, ಸಾಲಿನಲ್ಲಿ ಬಿಟ್ಟುಹೋಗುವ ಕನ್ನಡಕ, ಇದೆಲ್ಲ ಅದಕ್ಕೆ ಗೊತ್ತಿಲ್ಲ.

ಹಾಗಂತ ಗಾಬರಿ ಬೇಡ. ಬೆಂಗಳೂರಿಂದ ರಾಲಿವರೆಗೆ ಒಂದೇ ಪಿಎನ್‌ಆರ್ ಇದ್ದರೆ, ಚಿಕಾಗೋದಲ್ಲಿ ವಿಮಾನ ತಪ್ಪಿದರೆ ಟಿಕೆಟ್ ಮುಳುಗಿಹೋಗುವುದಿಲ್ಲ. ಕೌಂಟರ್‌ಗೆ ಹೋಗಿ ಬೋರ್ಡಿಂಗ್ ಪಾಸ್ ತೋರಿಸಿದರೆ ಸೀಟು ಇರುವ ಮುಂದಿನ ವಿಮಾನಕ್ಕೆ ಹಾಕಿಕೊಡುತ್ತಾರೆ, ಹೊಸದಾಗಿ ದುಡ್ಡು ಕೇಳುವುದಿಲ್ಲ. ನಷ್ಟ ಆಗೋದು ಸಮಯ, ನೆಮ್ಮದಿ. ಸಂಜೆಯ ಕೊನೇ ವಿಮಾನ ತಪ್ಪಿದರೆ ರಾತ್ರಿ ಅಲ್ಲೇ ಕಳೆಯಬೇಕಾಗಬಹುದು. ಆದ್ದರಿಂದ ಇದೇ ದಾರಿ ಅಂತಾದರೆ ಚಿಕಾಗೋದಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ಇರುವ ಟಿಕೆಟ್ ಹುಡುಕಿ, ಅದರ ಹಿಂದೆ ಇನ್ನೂ ಒಂದು ರಾಲಿ ವಿಮಾನ ಇದೆಯಾ ಅಂತಲೂ ನೋಡಿ.

ದುಬೈನ ಎರಡು ಟಿಕೆಟ್ ಲೆಕ್ಕಾಚಾರ ಬಿಟ್ಟುಬಿಡಿ. ನೀವು ಒಬ್ಬರೇ ಒಂದು ಬ್ಯಾಕ್‌ಪ್ಯಾಕ್ ಹಾಕಿಕೊಂಡು ಬರುವುದಾಗಿದ್ದರೆ ನಾನೇ ಹೂಂ ಅನ್ನುತ್ತಿದ್ದೆ. ಎರಡು ಬೇರೆ ಟಿಕೆಟ್ ಅಂದರೆ ಬ್ಯಾಗ್ ಸಾಮಾನ್ಯವಾಗಿ ದುಬೈಗೇ ನಿಲ್ಲುತ್ತದೆ. ಅದನ್ನು ತೆಗೆದುಕೊಳ್ಳಬೇಕಾದರೆ ಯುಎಇ ಇಮಿಗ್ರೇಷನ್ ದಾಟಬೇಕು. ಅದಕ್ಕೆ ವೀಸಾ ಬೇಕು. ಅಮೆರಿಕದ ವೀಸಾ ಇರುವ ಭಾರತೀಯರಿಗೆ ಅಲ್ಲಿ ಇಳಿದಮೇಲೆ ದುಡ್ಡು ಕಟ್ಟಿ ವೀಸಾ ಪಡೆಯುವ ಅವಕಾಶ ಇದೆ ಅನ್ನೋದು ನಿಜ. ಆದರೆ ಆಮೇಲೆ ಹೊರಗೆ ಬಂದು, ಮತ್ತೆ ಚೆಕ್-ಇನ್ ಸಾಲು, ಮತ್ತೆ ತೂಕ. ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಬೆಂಗಳೂರಿನ ವಿಮಾನ ತಡವಾಗಿ ಎರಡನೇದು ತಪ್ಪಿದರೆ, ಎರಡನೇ ಏರ್‌ಲೈನ್ ಲೆಕ್ಕದಲ್ಲಿ ನಿಮ್ಮವರು ಸುಮ್ನೆ ಬರಲಿಲ್ಲ ಅಷ್ಟೆ. ಆ ಟಿಕೆಟ್‌ನಲ್ಲಿ ಮುಂದಿರುವುದೆಲ್ಲ, ಎಷ್ಟೋ ಸಲ ವಾಪಸ್ ಬರುವ ಪ್ರಯಾಣವೂ, ರದ್ದಾಗುತ್ತದೆ. ಉಳಿದ ದುಡ್ಡಿನ ಎರಡರಷ್ಟು ಅಲ್ಲಿ ಹೋಗುತ್ತದೆ.

ನೀವು ನೋಡದೆ ಬಿಟ್ಟಿರುವ ಮೂರನೇ ದಾರಿ ಒಂದಿದೆ, ನನ್ನ ಮತ ಅದಕ್ಕೆ. ರಾಲಿ ಈಗ ಮೊದಲಿನ ಹಾಗೆ ಮೂಲೆಯ ಊರಲ್ಲ. ಪ್ಯಾರಿಸ್‌ನಿಂದ ಏರ್ ಫ್ರಾನ್ಸ್ 2023ರಲ್ಲಿ, ಫ್ರಾಂಕ್‌ಫರ್ಟ್‌ನಿಂದ ಲುಫ್ತಾನ್ಸಾ 2024ರಲ್ಲಿ ಅಲ್ಲಿಗೆ ನೇರ ವಿಮಾನ ಶುರು ಮಾಡಿದವು. ಇವೆರಡೂ ಬೆಂಗಳೂರಿಗೂ ಬರುತ್ತವೆ. ಬೆಂಗಳೂರು–ಫ್ರಾಂಕ್‌ಫರ್ಟ್–ರಾಲಿ ಅಂತ ಒಂದೇ ಟಿಕೆಟ್ ತೆಗೆದರೆ ಏನಾಗುತ್ತದೆ ನೋಡಿ. ಅಮೆರಿಕದ ನೆಲ ತುಳಿಯೋದೇ ನಿಮ್ಮ ಊರಲ್ಲಿ. ಇಮಿಗ್ರೇಷನ್, ಬ್ಯಾಗ್, ಕಸ್ಟಮ್ಸ್ ಎಲ್ಲ ರಾಲಿಯಲ್ಲೇ. ಸಾಲು ಎರಡು ಗಂಟೆ ಆದರೂ ತಪ್ಪಿಹೋಗುವ ವಿಮಾನವೇ ಇಲ್ಲ, ಬಾಗಿಲ ಹೊರಗೆ ನೀವು ಮಗು ಎತ್ತಿಕೊಂಡು ನಿಂತಿರುತ್ತೀರಿ. ವಾರದ ಎಲ್ಲ ದಿನ ಸಿಗಲಿಕ್ಕಿಲ್ಲ, ತಾರೀಖು ಒಂದೆರಡು ದಿನ ಹಿಂದೆ ಮುಂದೆ ಮಾಡಿಕೊಳ್ಳಿ. ಬೆಲೆ ಸ್ವಲ್ಪ ಜಾಸ್ತಿ ಇದ್ದರೆ ಕೊಡಿ. ಮೊದಲ ಸಲ ಬರುವ ಹಿರಿಯರ ವಿಷಯದಲ್ಲಿ ನಾನು ಟಿಕೆಟ್ ಬೆಲೆ ನೋಡೋದು ಕೊನೆಗೆ.

ಇದರಲ್ಲೂ ಒಂದು ಗುಂಡಿ ಇದೆ. ಟಿಕೆಟ್ ಹುಡುಕುವಾಗ ಬೆಂಗಳೂರು–ಪ್ಯಾರಿಸ್–ಫ್ರಾಂಕ್‌ಫರ್ಟ್–ಅಮೆರಿಕ ಅಂತ ಯುರೋಪಿನ ಎರಡು ಊರು ಸೇರಿಸಿ ಅಗ್ಗದ ಟಿಕೆಟ್ ಕಾಣಿಸುತ್ತದೆ. ತೆಗೆಯಬೇಡಿ. ಫ್ರಾನ್ಸ್, ಜರ್ಮನಿ ಎರಡೂ ಷೆಂಗೆನ್ ಒಳಗಿನವು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನವು. ಎರಡರ ನಡುವೆ ಹಾರೋದು ಅಂದರೆ ಬೆಂಗಳೂರಿಂದ ಹುಬ್ಬಳ್ಳಿಗೆ ಹೋದ ಹಾಗೆ, ಒಳನಾಡು ಪ್ರಯಾಣ. ಅದಕ್ಕೆ ಷೆಂಗೆನ್ ಒಳಗೆ ಹೋಗುವ ವೀಸಾನೇ ಬೇಕು. ಇಲ್ಲದಿದ್ದರೆ ದೇವನಹಳ್ಳಿ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ. ಯುರೋಪಿನ ಒಂದೇ ಊರಲ್ಲಿ, ಏರ್‌ಪೋರ್ಟ್ ಒಳಗೇ ವಿಮಾನ ಬದಲಾಯಿಸುವುದಾದರೆ, ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇರುವವರಿಗೆ ಟ್ರಾನ್ಸಿಟ್ ವೀಸಾ ಬೇಡ. ಲಂಡನ್‌ನಲ್ಲೂ ಇದೇ ವಿನಾಯಿತಿ ಇದೆ. ಆದರೆ ಹೀಥ್ರೂದಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತುವ ಟಿಕೆಟ್ ಬೇಡ, ಅದು ದೇಶದೊಳಗೆ ಹೋಗಿ ಬಸ್ ಹಿಡಿಯುವ ಕೆಲಸ. ಕೆನಡಾ ಮೂಲಕ ಬರುವುದಾದರೆ ಅಮೆರಿಕ ವೀಸಾ ಇದ್ದರೂ ಭಾರತೀಯರಿಗೆ ಅವರದೇ ಟ್ರಾನ್ಸಿಟ್ ವೀಸಾ ಬೇಕು. ಶುಲ್ಕ ಇಲ್ಲ, ಅರ್ಜಿ ಹಾಕಬೇಕು.

ಅಬುಧಾಬಿ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕೂತು ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ ಕಳಿಸುತ್ತಾರೆ. ಅಮೆರಿಕದಲ್ಲಿ ಇಳಿಯುವಾಗ ಒಳನಾಡು ಪ್ರಯಾಣಿಕರ ಹಾಗೆ ಇಳಿಯಬಹುದು. ಒಳ್ಳೇದೇ. ಆದರೆ ಸಾಲು ಮಾಯ ಆಗಿಲ್ಲ, ಚಿಕಾಗೋದಿಂದ ಅಬುಧಾಬಿಗೆ ಬಂದು ನಿಂತಿದೆ. ಲೇಓವರ್ ಅಲ್ಲಿ ಉದ್ದ ಇರಬೇಕು.

ಇನ್ನು ನಿಮ್ಮ ನಿದ್ದೆ ಕೆಡಿಸಿರುವ ವಿಷಯ. ಇಂಗ್ಲಿಷ್ ಬರುವುದಿಲ್ಲ ಅಂತ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಆ ಕಿಟಕಿಯಲ್ಲಿ ಕೂತವರು ದಿನಾ ಎಷ್ಟೋ ಭಾಷೆಯ ಅಜ್ಜ ಅಜ್ಜಿಯರನ್ನು ನೋಡಿರುತ್ತಾರೆ. "ನೋ ಇಂಗ್ಲಿಷ್, ಕನ್ನಡ" ಅಂದು ಭಾಷಾಂತರದ ಸಹಾಯ ಕೇಳಬಹುದು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಒಂದೇ ಕಿಟಕಿಗೆ ಹೋಗಲಿ. ಕೇಳುವುದು ಮೂರೋ ನಾಲ್ಕೋ: ಯಾಕೆ ಬಂದಿದ್ದೀರಿ, ಯಾರ ಮನೆಗೆ, ಎಷ್ಟು ದಿನ, ವಾಪಸ್ ಯಾವಾಗ. ಕಷ್ಟ ಬರೋದು ಭಾಷೆ ಬಾರದವರಿಗಿಂತ ಅರ್ಧಂಬರ್ಧ ಬರುವವರಿಗೆ.

ನಾನು ಟಿಕೆಟ್ ಮಾಡಿಕೊಟ್ಟ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಯಾಕೆ ಬಂದಿದ್ದೀರಿ ಅಂದಾಗ "ಮಗಳ ಮನೇಲಿ ಸ್ವಲ್ಪ ಕೆಲಸ ಇತ್ತು" ಅಂತ ನಾವೆಲ್ಲ ಹೇಳುವ ಧಾಟಿಯಲ್ಲೇ ಇಂಗ್ಲಿಷಿಗೆ ತಿರುಗಿಸಿ "ಸಮ್ ವರ್ಕ್ ಈಸ್ ದೇರ್" ಅಂದುಬಿಟ್ಟರು. ವಿಸಿಟರ್ ವೀಸಾದಲ್ಲಿ ಬಂದವರ ಬಾಯಲ್ಲಿ 'ವರ್ಕ್' ಅನ್ನೋ ಮಾತು! ಒಳಗಿನ ಕೋಣೆಗೆ ಕರೆದು ಕೂರಿಸಿದರು. ಒಂದೂವರೆ ಗಂಟೆ ಆದಮೇಲೆ ವಿಷಯ ತಿಳಿಯಾಗಿ ಬಿಟ್ಟರು, ಅಷ್ಟೊತ್ತಿಗೆ ಮುಂದಿನ ವಿಮಾನ ಹೋಗಿತ್ತು. ನಿಮ್ಮ ಅಪ್ಪನಿಗೆ ನಿಜವನ್ನೇ ಹೇಳೋಕೆ ಹೇಳಿ, ಚಿಕ್ಕದಾಗಿ: ಮಗಳನ್ನು, ಮೊಮ್ಮಗುವನ್ನು ನೋಡೋಕೆ ಬಂದಿದ್ದೇವೆ, ಇಷ್ಟು ತಿಂಗಳು, ವಾಪಸ್ ಟಿಕೆಟ್ ಇಲ್ಲಿದೆ. ಕೇಳಿದ್ದಕ್ಕಿಂತ ಜಾಸ್ತಿ ವಿವರಣೆ ಬೇಡ. ಒಳಗಿನ ಕೋಣೆಗೆ ಕರೆದರೂ ಅದು ಅರೆಸ್ಟ್ ಅಲ್ಲ. ಫೋನ್ ಬಳಸೋಕೆ ಬಿಡುವುದಿಲ್ಲ, ಆದ್ದರಿಂದ ಕಾಲ್ ತೆಗೆಯಲಿಲ್ಲ ಅಂತ ನೀವೂ ಗಾಬರಿ ಆಗಬೇಡಿ. ನಿಮ್ಮ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟ್, ಅವರ ಔಷಧದ ಪಟ್ಟಿ ಇವನ್ನು ಪ್ರಿಂಟ್ ಮಾಡಿ ಇಬ್ಬರ ಕೈಯಲ್ಲೂ ಒಂದೊಂದು ಪ್ರತಿ ಇಡಿ. ಫೋನಲ್ಲಿದೆ ಅಂದರೆ ಇಲ್ಲ ಅಂತಲೇ ಲೆಕ್ಕ, ಚಾರ್ಜ್ ಮುಗಿಯೋದು ಆ ಹೊತ್ತಿಗೇ.

ಇನ್ನೊಂದು ತಪ್ಪು ತಿಳಿವಳಿಕೆ: ಹತ್ತು ವರ್ಷದ ವೀಸಾ ಅಂದರೆ ಹತ್ತು ವರ್ಷ ಇರಬಹುದು ಅಂತ ಅಲ್ಲ. ಎಷ್ಟು ದಿನ ಇರಬಹುದು ಅನ್ನೋದು ಆ ಕಿಟಕಿಯಲ್ಲೇ ತೀರ್ಮಾನ ಆಗುತ್ತದೆ, ಸಾಮಾನ್ಯವಾಗಿ ಆರು ತಿಂಗಳು. ಅದು ಐ-94 ಅನ್ನುವ ದಾಖಲೆಯಲ್ಲಿ ಆನ್‌ಲೈನ್ ಇರುತ್ತದೆ. ಅವರು ಮನೆ ಸೇರಿ ಒಂದೆರಡು ದಿನದಲ್ಲಿ ನೀವೇ ತೆಗೆದು ತಾರೀಖು ನೋಡಿಟ್ಟುಕೊಳ್ಳಿ.

ವೀಲ್‌ಚೇರ್ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಇಬ್ಬರಲ್ಲಿ ಯಾರಿಗಾದರೂ ಮಂಡಿನೋವು, ಉಬ್ಬಸ ಇದ್ದರೆ ಟಿಕೆಟ್ ಮಾಡುವಾಗಲೇ ಬರೆಸಿ. ದುಡ್ಡಿಲ್ಲ. ತಳ್ಳುವವರು ಇಮಿಗ್ರೇಷನ್, ಬ್ಯಾಗ್, ರೀಚೆಕ್ ಎಲ್ಲಕ್ಕೂ ಜೊತೆಗಿರುತ್ತಾರೆ. ಅಮೆರಿಕದಲ್ಲಿ ಅವರಿಗೆ ನಾಲ್ಕಾರು ಡಾಲರ್ ಕೊಡುವ ರೂಢಿ ಇದೆ, ಕಡ್ಡಾಯ ಅಲ್ಲ. ಗಟ್ಟಿಮುಟ್ಟಾಗಿ ಓಡಾಡುವವರಿಗೆ ಸುಮ್ನೆ ದಾರಿ ತೋರಿಸಲಿ ಅಂತ ವೀಲ್‌ಚೇರ್ ಹಾಕಿಸೋದು ನನಗೆ ಸರಿ ಕಾಣೋದಿಲ್ಲ. ನಿಜವಾಗಿ ನಡೆಯಲಾಗದವರು ಅರ್ಧ ಗಂಟೆ ಕಾಯೋದನ್ನು ಕಣ್ಣಾರೆ ನೋಡಿದ್ದೇನೆ. ಜೊತೆಗೆ ನಡೆದು ದಾರಿ ತೋರಿಸುವ 'ಮೀಟ್ ಅಂಡ್ ಅಸಿಸ್ಟ್' ಸೇವೆ ಕೆಲವು ಏರ್‌ಲೈನ್‌ಗಳಲ್ಲಿ ಇದೆ, ಅದನ್ನು ಕೇಳಿ.

ಈಗ ಅಮ್ಮನ ಗಂಟು. ಕೊಬ್ಬರಿ ಬೇಡ, ಅದು ಬೆಂಗಳೂರಲ್ಲೇ ನಿಲ್ಲುತ್ತದೆ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತಿಕೊಳ್ಳುವ ಸಾಮಾನು ಅಂತ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಸ್ಕ್ಯಾನರ್‌ನಲ್ಲಿ ಕಂಡರೆ ಪ್ಯಾಕ್ ಮಾಡಿದ ಸೂಟ್‌ಕೇಸ್ ಬಿಚ್ಚಿಸುತ್ತಾರೆ. ಚಟ್ನಿಪುಡಿ ಬರಲಿ, ಆದರೆ ಚೆಕ್-ಇನ್ ಬ್ಯಾಗಿನಲ್ಲಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರ್‌ಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ತೆಗೆಸಿ ನೋಡುತ್ತಾರೆ, ಅನುಮಾನ ಬಂದರೆ ಬಿಡುವುದಿಲ್ಲ. ಚಕ್ಕುಲಿ, ಕೋಡುಬಳೆ, ಹಪ್ಪಳಕ್ಕೆ ತಕರಾರಿಲ್ಲ. ಅಕ್ಕಿ ಬೇಡ, ಹಸಿ ಕರಿಬೇವು ಬೇಡ, ಮಾವಿನಹಣ್ಣಂತೂ ಬೇಡವೇ ಬೇಡ. ಅಕ್ಕಿಗೆ ಖಾಪ್ರಾ ಅನ್ನುವ ಹುಳದ ಭಯ, ಕರಿಬೇವಿಗೆ ಕಿತ್ತಳೆ ತೋಟ ಹಾಳು ಮಾಡುವ ಕೀಟದ ಭಯ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ.

'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ' ಅಂತ ನಮ್ಮಲ್ಲಿ ಗಾದೆ ಇದೆ. ಸುಖದುಃಖ ಹೇಳಬೇಡಿ, ಚಟ್ನಿಪುಡಿ ಇದೆ ಅಂತ ಮಾತ್ರ ಹೇಳಲೇಬೇಕು. ಹಿಂದೆ ವಿಮಾನದಲ್ಲಿ ಕೊಡುತ್ತಿದ್ದ ನೀಲಿ ಫಾರಂ ಈಗ ಎಷ್ಟೋ ಕಡೆ ಇಲ್ಲ, ಬಾಯಲ್ಲೇ ಕೇಳುತ್ತಾರೆ: "ಎನಿ ಫುಡ್?" ಅಮ್ಮನಿಗೆ ಈ ಎರಡು ಪದ ಕಲಿಸಿ. ಉತ್ತರ "ಎಸ್". ಹೇಳಿದ ಮೇಲೆ ಅದರಲ್ಲಿ ಬರಬಾರದ್ದು ಸಿಕ್ಕರೆ ತೆಗೆದು ಕಸಕ್ಕೆ ಹಾಕುತ್ತಾರೆ, ಮುಗಿಯಿತು. ಇಲ್ಲ ಅಂದು ಆಮೇಲೆ ಸಿಕ್ಕಿಬಿದ್ದರೆ ಮೊದಲ ತಪ್ಪಿಗೇ 1,000 ಡಾಲರ್‌ವರೆಗೆ ದಂಡ ಹಾಕಬಹುದು.

ಒಡವೆಗೆ ಅಮೆರಿಕದ ಕಡೆಯಿಂದ ತೊಂದರೆ ಇಲ್ಲ. ಪ್ರಶ್ನೆ ಬರೋದು ವಾಪಸ್ ಬೆಂಗಳೂರಿಗೆ ಬಂದಾಗ: ಇದು ಇಲ್ಲಿಂದ ಹೋದದ್ದಾ, ಅಲ್ಲಿಂದ ತಂದದ್ದಾ? ದಿನಾ ಹಾಕಿಕೊಳ್ಳುವ ಮಾಂಗಲ್ಯ, ಎರಡು ಬಳೆಗೆ ಯಾರೂ ಕೇಳಲಿಕ್ಕಿಲ್ಲ. ನೆಕ್ಲೆಸ್, ದಪ್ಪ ಬಳೆಗಳ ಸೆಟ್ಟೇ ಬರುವುದಾದರೆ, ಹೋಗುವಾಗ ಕಸ್ಟಮ್ಸ್ ಕೌಂಟರ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಲಿ. ಒಡವೆ ಕೈಯಲ್ಲೇ ಇರಬೇಕು, ಸೂಟ್‌ಕೇಸ್ ಜೊತೆ ಬೆಲ್ಟ್ ಮೇಲೆ ಹೋಗಿಬಿಟ್ಟರೆ ತೋರಿಸೋಕೆ ಏನೂ ಇರುವುದಿಲ್ಲ. ರಸೀದಿ, ಫೋಟೋ ಜೊತೆಗಿರಲಿ. ಇದಕ್ಕೆ ಹೊತ್ತು ಹಿಡಿಯುತ್ತದೆ, ಹಾಗಾಗಿ ಮೈಸೂರಿನಿಂದ ನೀವು ಅಂದುಕೊಂಡಿರುವ ಫ್ಲೈಬಸ್‌ಗಿಂತ ಒಂದು ಹಿಂದಿನದನ್ನೇ ಬುಕ್ ಮಾಡಿ.